ಕಣಜದ ಲೆಕ್ಕವೂ ಒಲೆಯ ಲೆಕ್ಕವೂ

ಪರೋಪಕಾರದ ಕೆಲಸಗಳಲ್ಲಿ ಅನ್ನದ ಕೆಲಸಕ್ಕೆ ಮಿಗಿಲಾದುದಿಲ್ಲವೆಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿ ನಿಂತಿರುವುದಷ್ಟೆ. ಆದುದರಿಂದಲೇ ಊರಿನಲ್ಲಿ ನಾಲ್ಕು ಮಂದಿ ಸೇರಿ ಧಾನ್ಯನಿಧಿಯನ್ನೋ, ಬೀಜದ ಭಂಡಾರವನ್ನೋ, ರೈತರ ಸಂತೆಯನ್ನೋ, ಶಾಲೆಯ ಕೈತೋಟವನ್ನೋ ಆರಂಭಿಸಿದರೆ, ಅದನ್ನು ಪರೀಕ್ಷಿಸುವುದಿರಲಿ, ಅದರ ವಿಷಯದಲ್ಲಿ ಒಂದು ಪ್ರಶ್ನೆ ಕೇಳುವುದಕ್ಕೂ ನಮ್ಮ ನಾಲಗೆ ಹಿಂಜರಿಯುವುದು. ಪುಣ್ಯದ ಕೆಲಸಕ್ಕೆ ಲೆಕ್ಕವೇಕೆ ಎನ್ನುವೆವು. ಆದರೆ ಉದ್ದೇಶವು ಶುದ್ಧವಾಗಿದ್ದ ಮಾತ್ರಕ್ಕೆ ಫಲವೂ ಒಳ್ಳೆಯದಾಗಿಯೇ ಇರುವುದೆಂಬ ನಿಯಮವಿಲ್ಲ. ಅನ್ನದ ಕೆಲಸವನ್ನು ಹೇಗೆ ಯೋಜಿಸಬೇಕು, ಅದು ಫಲಿಸಿತೋ ಇಲ್ಲವೋ ಎಂಬುದನ್ನು ಹೇಗೆ ತಿಳಿಯಬೇಕು ಎಂಬ ಎರಡು ಮಾತುಗಳನ್ನು ವಾಚಕರ ಮುಂದಿಡುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಅನ್ಯರ ತಪ್ಪನ್ನು ಎತ್ತಿ ಆಡುವುದಕ್ಕೆ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯವಾದುದರಿಂದ, ನಮ್ಮ ಊರಿನ ವೃತ್ತಾಂತದಿಂದಲೇ ಪ್ರಾರಂಭಿಸುವೆವು.

ತುಮಕೂರು ಸೀಮೆಯ ಒಂದು ಹಳ್ಳಿಯಲ್ಲಿ ನಾವು ಉಪಾಧ್ಯಾಯರಾಗಿದ್ದಾಗ, ೨೦೦೧ರಿಂದ ಮೊದಲುಗೊಂಡು ಮೂರು ವರ್ಷ ಒಂದರ ಹಿಂದೊಂದು ಬಂದ ಬರವು ಜನರನ್ನು ಬಹಳವಾಗಿ ಬಳಲಿಸಿತು. ೨೦೦೪ರಲ್ಲಿ ಮಳೆ ಹಿಡಿದು ಬೆಳೆ ಕೈಗೆ ಹತ್ತಿದಾಗ, ಇನ್ನು ಮುಂದೆ ಇಂಥ ಸಂಕಟವು ಬಾರದಂತೆ ಊರಿಗೊಂದು ಧಾನ್ಯನಿಧಿಯನ್ನು ಮಾಡಬೇಕೆಂದು ನಿಶ್ಚಯವಾಯಿತು. ನಾವು, ಇಬ್ಬರು ಅನುಕೂಲಸ್ಥ ರೈತರು, ಅಂಚೆಯ ಕೆಲಸದಲ್ಲಿದ್ದ ಒಬ್ಬರು, ಅಂಗಡಿಯ ಯಜಮಾನರು, ಇಷ್ಟು ಜನ ಸೇರಿ ಸಮಿತಿಯಾದೆವು. ನಿಬಂಧನೆಗಳನ್ನು ನಾವೇ ಒಳ್ಳೆಯ ಭಾಷೆಯಲ್ಲಿ ಬರೆದೆವು. ಕಣದಿಂದ ಕಣಕ್ಕೆ ಹೋಗಿ ಬೇಡಿದ್ದರಿಂದ ನಲವತ್ತು ಮೂಟೆ ರಾಗಿ ಕೂಡಿತು. ಬೇಕಾದವರು ಒಂದು ಮೂಟೆಯನ್ನು ಸಾಲವಾಗಿ ಒಯ್ದು, ಸುಗ್ಗಿಯಲ್ಲಿ ಕಾಲುಪಾಲನ್ನು ಸೇರಿಸಿ ಹಿಂದಕ್ಕೆ ಅಳೆಯತಕ್ಕದ್ದು. ಜಮೀನುಳ್ಳ ಇಬ್ಬರು ಅದಕ್ಕೆ ಜಾಮೀನು ನಿಲ್ಲತಕ್ಕದ್ದು. ಇದು ನಮ್ಮ ಕಟ್ಟಳೆ. ಒಂದು ಕಾಳೂ ಮುಳುಗಲಿಲ್ಲ. ಎರಡು ವರ್ಷಗಳಲ್ಲಿ ನಲವತ್ತು ಮೂಟೆಗಳು ಅರುವತ್ತನ್ನು ಮೀರಿದುವು. ಲೆಕ್ಕವನ್ನು ನೋಡಿದವರೆಲ್ಲರೂ ತಲೆದೂಗಿದರು. ಸಭೆಯಾಯಿತು, ಹಾರಗಳು ಬಿದ್ದುವು, ನಮ್ಮ ಭಾಷಣವೂ ಆಯಿತು.

ಆ ವರ್ಷದ ಆಷಾಢದಲ್ಲಿ ಒಂದು ಸೋಮವಾರ, ಶಾಲೆಯ ಮಧ್ಯಾಹ್ನದ ಊಟವನ್ನು ಬೇಯಿಸುತ್ತಿದ್ದ ತಾಯಿಯು ಅಕ್ಕಿಯನ್ನು ಅಳೆಯಿಸಿಕೊಳ್ಳುತ್ತ, “ಸೋಮವಾರ ದಿನ ಎರಡು ಸೇರು ಜಾಸ್ತಿ ಆಕ್ಬೇಕು ಮೇಷ್ಟ್ರೇ” ಎಂದಳು. ಏಕೆಂದು ಕೇಳಿದೆವು. “ನಮ್ಮ ಕೇರಿ ಮಕ್ಳು ಶನಿವಾರ ಇಲ್ಲಿ ಉಂಡು ಓದೋವು, ಮತ್ತೆ ಇವತ್ತೇ ಒಟ್ಟೆ ತುಂಬ ಉಣ್ಣೋದು” ಎಂಬುದು ಆಕೆಯ ಉತ್ತರ. ನಮಗೆ ಆಶ್ಚರ್ಯವಾಗಿ, “ಊರಿನಲ್ಲಿ ಧಾನ್ಯನಿಧಿ ಇದೆಯಲ್ಲಮ್ಮ, ನಿಮ್ಮ ಕೇರಿಯವರು ಬಂದು ಒಯ್ಯಬಾರದೆ?” ಎಂದೆವು. ಆಕೆ ಕೋಪಿಸಿಕೊಳ್ಳಲಿಲ್ಲ, ನಕ್ಕಳು. “ಒಲ ಇರೋ ಇಬ್ರು ಬಂದು ನಮಗೆ ಜಾಮೀನು ನಿಲ್ತಾರಾ ಮೇಷ್ಟ್ರೇ? ನಿಮ್ಮ ಪುಸ್ತಕದಾಗೆ ನಮ್ಮ ಕೇರೀದು ಒಂದು ಎಸ್ರು ಐತಾ, ತೆಗೆದು ನೋಡಿ” ಎಂದಳು.

ಅಂದಿನ ರಾತ್ರಿ ಪುಸ್ತಕವನ್ನು ತೆಗೆದು ನೋಡಿದೆವು. ಎರಡು ವರ್ಷದ ಲೆಕ್ಕದಲ್ಲಿ ಆ ಕೇರಿಯ ಹೆಸರು ಒಂದೂ ಇರಲಿಲ್ಲ. ಮತ್ತೊಂದು ಸಂಗತಿಯೂ ಕಣ್ಣಿಗೆ ಬಿದ್ದಿತು. ಮೂಟೆಗಳೆಲ್ಲವೂ ಯುಗಾದಿಯಿಂದ ವೈಶಾಖದೊಳಗೆ, ಅಂದರೆ ಮದುವೆಯ ಕಾಲದಲ್ಲಿ, ಹೊರಟುಹೋಗಿದ್ದುವು. ಒಯ್ದವರು ಹೊಲವುಳ್ಳವರು; ಹಿಂದಕ್ಕೆ ಕೊಡುವ ಶಕ್ತಿ ಅವರಿಗೆ ಇದ್ದುದರಿಂದಲೇ ನಮ್ಮ ಲೆಕ್ಕವು ಅಷ್ಟು ಅಂದವಾಗಿತ್ತು. ಹೊಸ ರಾಗಿ ಇನ್ನೂ ಹೊಲದಲ್ಲಿರುವ, ಹಳೆಯದು ಮುಗಿದಿರುವ, ಕೂಲಿಯೂ ಸರಿಯಾಗಿ ದೊರೆಯದಿರುವ ಆಷಾಢ, ಶ್ರಾವಣ, ಭಾದ್ರಪದಗಳಲ್ಲಿ ನಿಧಿಯ ಕೋಣೆಯು ಬರಿದಾಗಿರುತ್ತಿತ್ತು. ಯಾರ ಹಸಿವಿಗಾಗಿ ನಿಧಿಯು ಹುಟ್ಟಿತೋ ಅವರಿಗೆ ಅದರ ಬಾಗಿಲು ತೆರೆಯಲೇ ಇಲ್ಲ. ಯಾವ ತಿಂಗಳಿಗಾಗಿ ಹುಟ್ಟಿತೋ ಆ ತಿಂಗಳಲ್ಲಿ ಅದರಲ್ಲಿ ಕಾಳೇ ಇರಲಿಲ್ಲ.

ತರ್ಕಶಾಸ್ತ್ರವನ್ನು ಓದುವ ಮಕ್ಕಳಿಗೆ ಗುರುಗಳು ಮೊದಲು ಹೇಳಿಕೊಡುವ ದೃಷ್ಟಾಂತವು ಬೆಟ್ಟದ ಮೇಲಿನ ಹೊಗೆಯದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿ. ಏಕೆಂದರೆ ಬೆಂಕಿಯಿಲ್ಲದೆ ಹೊಗೆಯಿಲ್ಲ. ನಾವಾದರೋ ತುಂಬಿದ ಕಣಜವನ್ನು ಕಂಡು ತುಂಬಿದ ಹೊಟ್ಟೆಯನ್ನು ಊಹಿಸಿದೆವು. ಇವೆರಡಕ್ಕೂ ಅಂಥ ನಿಯತವಾದ ಸಂಬಂಧವಿಲ್ಲವೆಂಬುದು, ಮೂವತ್ತು ವರ್ಷ ಪಾಠ ಹೇಳಿದ ನಮಗಿಂತ, ಒಲೆಯ ಮುಂದೆ ಕುಳಿತ ಆ ತಾಯಿಗೆ ಚೆನ್ನಾಗಿ ತಿಳಿದಿತ್ತು. ನಾವು ಕಣಜದ ಲೆಕ್ಕವನ್ನು ಇಟ್ಟಿದ್ದೆವು. ಆಕೆ ಒಲೆಯ ಲೆಕ್ಕವನ್ನು ಇಟ್ಟಿದ್ದಳು.

ಇದು ನಮ್ಮ ಹಳ್ಳಿಯೊಂದರ ಅವಿವೇಕವೆಂದು ವಾಚಕರು ತಿಳಿಯಬಾರದು. ಧಾನ್ಯವನ್ನು ಕೂಡಿಡುವ ವಿದ್ಯೆ ನಮ್ಮ ದೇಶದಲ್ಲಿ ಹೊಸದಲ್ಲ. ಕೋಷ್ಠಾಗಾರದ ಅರ್ಧವನ್ನು ಜನಪದದ ಆಪತ್ತಿಗಾಗಿ ಮೀಸಲಿಟ್ಟು ಉಳಿದರ್ಧವನ್ನು ಬಳಸಬೇಕೆಂದೂ, ಹಳೆಯದನ್ನು ಹೊಸದರಿಂದ ಬದಲಾಯಿಸುತ್ತಿರಬೇಕೆಂದೂ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿದ್ದಾನೆ. ಈಗ ಬಾಂಗ್ಲಾದೇಶಕ್ಕೆ ಸೇರಿರುವ ಮಹಾಸ್ಥಾನದಲ್ಲಿ ದೊರೆತ ಬ್ರಾಹ್ಮೀಲಿಪಿಯ ಪ್ರಾಚೀನ ಶಾಸನದಲ್ಲಿ, ಕಷ್ಟಕಾಲದಲ್ಲಿ ಉಗ್ರಾಣದಿಂದ ಭತ್ತವನ್ನು ಕೊಡುವ ಮತ್ತು ಸುಭಿಕ್ಷವಾದಾಗ ಅದನ್ನು ಮರಳಿ ತುಂಬುವ ಮಾತಿದೆ. ನಮ್ಮ ರಾಗಿಯ ಸೀಮೆಯಲ್ಲಿ ಹಗೇವುಗಳನ್ನು ತೋಡಿ, ವರ್ಷಗಟ್ಟಲೆ ಕೆಡದಂತೆ ರಾಗಿಯನ್ನು ನೆಲದೊಳಗೆ ಇಡುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಇಷ್ಟಿದ್ದರೂ ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ ಅಳಿದರು. ೧೯೪೩ರ ಬಂಗಾಳದ ಕ್ಷಾಮವನ್ನು ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಮರ್ಶಿಸುತ್ತ, ಕ್ಷಾಮವಿಲ್ಲದಿದ್ದ ೧೯೪೧ಕ್ಕಿಂತ ಆ ವರ್ಷ ಧಾನ್ಯವು ಹೆಚ್ಚಾಗಿಯೇ ಇತ್ತೆಂದೂ, ಅದನ್ನು ಪಡೆಯುವ ಶಕ್ತಿಯು ಕೂಲಿಕಾರರಿಗೂ ಬೆಸ್ತರಿಗೂ ಇಲ್ಲವಾದುದೇ ಅನರ್ಥಕ್ಕೆ ಮೂಲವೆಂದೂ ವಾದಿಸಿದರು. ಧಾನ್ಯವಿರುವುದು ಬೇರೆ, ಅದು ಹಸಿದವನ ತಟ್ಟೆಯನ್ನು ಮುಟ್ಟುವುದು ಬೇರೆ. ಇವೆರಡರ ನಡುವಣ ದಾರಿಯನ್ನು ಕಟ್ಟುವುದೇ ಯೋಜನೆ. ಆ ದಾರಿಯಲ್ಲಿ ಅನ್ನವು ನಿಜವಾಗಿ ನಡೆಯಿತೇ ಎಂದು ನೋಡುವುದೇ ಪರೀಕ್ಷೆ.

ಈ ದಾರಿಯನ್ನು ಚೆನ್ನಾಗಿ ಕಟ್ಟಿದವರ ನಿದರ್ಶನವು ನಮ್ಮ ಬೀದರಿನ ಗಡಿಯಾಚೆಗೇ ಇದೆ. ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಗೆ ಸೇರಿರುವ ಜಹೀರಾಬಾದಿನ ಸುತ್ತಣ ಹಳ್ಳಿಗಳಲ್ಲಿ ೧೯೮೩ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯೆಂಬ ಸಂಸ್ಥೆಯು ಹುಟ್ಟಿತು. ಅದನ್ನು ಬಹುಕಾಲ ನಡೆಸಿದ ಪಿ. ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿದವರು, ೨೦೨೩ರಲ್ಲಿ ಕಾಲವಾದರು. ಸಂಸ್ಥೆಯ ಬೆನ್ನೆಲುಬಾಗಿ ನಿಂತವರು ಹಳ್ಳಿಗಳ ದಲಿತ ಸ್ತ್ರೀಯರ ಸಂಘಗಳು. ಅಲ್ಲಿಯ ಬಡವರಿಗೆ ಎಕರೆ ಎರಡೆಕರೆ ನೆಲವಿತ್ತು. ಆದರೆ ಉಳುವುದಕ್ಕೆ ಎತ್ತಿಲ್ಲ, ಹಾಕುವುದಕ್ಕೆ ಗೊಬ್ಬರವಿಲ್ಲ, ನೆಲವು ಬೀಳಾಗಿತ್ತು. ಅದೇ ೧೯೮೩ರಲ್ಲಿ ಆಂಧ್ರದ ಸರ್ಕಾರವು ಕಿಲೋ ಅಕ್ಕಿಯನ್ನು ಎರಡು ರೂಪಾಯಿಗೆ ಕೊಡತೊಡಗಿತು. ಅದು ಹಸಿದವರಿಗೆ ಆಧಾರವಾಯಿತೆಂಬುದು ನಿಜ. ಆದರೆ ದೂರದ ನೀರಾವರಿಯ ಸೀಮೆಯಿಂದ ಬಂದ ಅಕ್ಕಿಯು ಊರಿನ ಜೋಳ, ಸಜ್ಜೆ, ನವಣೆಗಳನ್ನು ತಟ್ಟೆಯಿಂದಲೂ ಹೊಲದಿಂದಲೂ ತಳ್ಳತೊಡಗಿತೆಂಬುದನ್ನು ಸಂಘದ ಸ್ತ್ರೀಯರು ಕಂಡರು.

ಆಗ ಅವರು ಮಾಡಿದ ಕ್ರಮವು ಗಮನಿಸತಕ್ಕದ್ದು. ಕಳೆದ ಶತಮಾನದ ತೊಂಬತ್ತರ ದಶಕದ ನಡುವೆ ಸರ್ಕಾರದ ನೆರವನ್ನು ಪಡೆದು, ಬೀಳುನೆಲದ ಒಡೆಯರಿಗೆ ಉಳುಮೆ, ಗೊಬ್ಬರ, ಬೀಜಗಳ ವೆಚ್ಚವನ್ನು ಸಾಲವಾಗಿ ಕೊಟ್ಟರು. ಸಾಲವನ್ನು ತೀರಿಸಬೇಕಾದುದು ಹಣದಿಂದಲ್ಲ. ವರ್ಷವರ್ಷವೂ ಇಷ್ಟಿಷ್ಟು ಜೋಳದಿಂದ. ಆ ಜೋಳವು ಪಟ್ಟಣಕ್ಕೆ ಹೋಗದೆ ಅದೇ ಹಳ್ಳಿಯಲ್ಲಿ ಸಂಗ್ರಹವಾಗತಕ್ಕದ್ದು. ಮಳೆಗಾಲದ ಇಕ್ಕಟ್ಟಿನ ತಿಂಗಳುಗಳಲ್ಲಿ ಅದನ್ನು ಬಡವರಿಗೆ ಅಗ್ಗದ ಬೆಲೆಗೆ ಅಳೆದು ಕೊಡತಕ್ಕದ್ದು. ಬಂದ ಹಣವು ಮತ್ತಷ್ಟು ಬೀಳುನೆಲವನ್ನು ಎಬ್ಬಿಸುವುದಕ್ಕೆ. ಹೀಗೆ ಬೆಳೆಯುವವಳೂ, ಕೂಡಿಡುವವಳೂ, ಹಂಚುವವಳೂ ಒಂದೇ ಊರಿನವಳಾದಳು.

ಬಡವರು ಯಾರೆಂಬುದನ್ನು ಗೊತ್ತುಮಾಡಿದ ರೀತಿ ಇನ್ನೂ ಸೊಗಸಾದುದು. ಊರಿನ ಬಯಲಿನಲ್ಲಿ ಎಲ್ಲರ ಎದುರಿಗೆ, ರಂಗೋಲಿಯಂತೆ ಬಣ್ಣದ ಪುಡಿಗಳಿಂದ ಊರಿನ ನಕ್ಷೆಯನ್ನು ನೆಲದ ಮೇಲೆ ಬರೆದು, ಮನೆಮನೆಯನ್ನೂ ಗುರುತಿಸಿ, ಯಾವ ಮನೆಯಲ್ಲಿ ನೆಲವಿಲ್ಲ, ಯಾವ ಮನೆಯಲ್ಲಿ ದುಡಿಯುವ ಕೈಗಳಿಲ್ಲ, ಯಾರು ಅತ್ಯಂತ ಬಡವರು, ಯಾರು ಅವರಿಗಿಂತ ಸ್ವಲ್ಪ ಮೇಲು ಎಂಬುದನ್ನು ಊರವರೇ ಚರ್ಚಿಸಿ ತೀರ್ಮಾನಿಸಿದರು. ಆ ತಾರತಮ್ಯಕ್ಕೆ ತಕ್ಕಂತೆ ಧಾನ್ಯದ ಪಾಲು. ಕಾಗದದ ಮೇಲೆ ಸುಳ್ಳು ಬರೆಯುವುದು ಸುಲಭ. ನೆರೆಹೊರೆಯವರೆಲ್ಲ ಸುತ್ತ ನಿಂತಿರುವಾಗ ನೆಲದ ಮೇಲೆ ಸುಳ್ಳು ಬರೆಯುವುದು ಕಷ್ಟ. ಎಪ್ಪತ್ತೈದರಷ್ಟು ಹಳ್ಳಿಗಳಲ್ಲಿ ಹರಡಿದ ಈ ಸಂಘಗಳಿಗೆ ೨೦೧೯ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಶಾಖೆಯು ಈಕ್ವೇಟರ್ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು. ನಮಗೆ ಆ ಪ್ರಶಸ್ತಿಗಿಂತಲೂ ಆ ಬಣ್ಣದ ಪುಡಿಯ ನಕ್ಷೆಯೇ ದೊಡ್ಡದಾಗಿ ತೋರುವುದು. ನಮ್ಮ ಸಮಿತಿಯು ಮೊದಲ ದಿನವೇ ಅಂಥ ಒಂದು ನಕ್ಷೆಯನ್ನು ಬರೆದಿದ್ದರೆ ಆ ಕೇರಿಯು ಬಿಟ್ಟುಹೋಗುತ್ತಿರಲಿಲ್ಲ.

ಈ ಎರಡು ವೃತ್ತಾಂತಗಳಿಂದ ಏಳುವ ಕೆಲವು ಸೂತ್ರಗಳನ್ನು ಈಗ ಹೇಳುವೆವು. ಕೆಲಸವನ್ನು ಆರಂಭಿಸುವುದಕ್ಕೆ ಮೊದಲು ಕೇಳತಕ್ಕ ಪ್ರಶ್ನೆಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಯಾರು ಹಸಿದಿದ್ದಾರೆ, ಯಾವ ತಿಂಗಳಲ್ಲಿ ಎಂಬುದು. ಹಸಿವಿಗೂ ಒಂದು ಪಂಚಾಂಗವುಂಟು. ಹನ್ನೆರಡು ತಿಂಗಳುಗಳನ್ನು ಒಂದು ಹಲಗೆಯ ಮೇಲೆ ಬರೆದು, ಯಾವ ಮನೆಗೆ ಯಾವ ತಿಂಗಳಲ್ಲಿ ಧಾನ್ಯ ಮುಗಿಯುವುದೆಂದು ಗುರುತು ಹಾಕಿದರೆ ಅರ್ಧ ಯೋಜನೆ ಆದಂತೆಯೇ. ಎರಡನೆಯದು, ಆಹಾರವು ಎಲ್ಲಿಂದ ಬರುವುದು, ಅದಕ್ಕೆ ನೆಲ, ನೀರು, ಬೀಜ, ದುಡಿಯುವ ಕೈಗಳು ಸಾಕೇ ಎಂಬುದು. ಮೂರನೆಯದು, ಹೊಲದಿಂದ ಒಲೆಯವರೆಗಿನ ದಾರಿಯಲ್ಲಿ ಎಲ್ಲೆಲ್ಲಿ ಸೋರುವುದು ಎಂಬುದು: ಒಕ್ಕಣೆಯಲ್ಲಿ ಎಷ್ಟು, ಹುಳುವಿಗೆ ಎಷ್ಟು, ಇಲಿಗೆ ಎಷ್ಟು, ತೂಕದಲ್ಲಿ ಎಷ್ಟು, ದಲ್ಲಾಳಿಗೆ ಎಷ್ಟು. ನಾಲ್ಕನೆಯದು, ನಿಯಮಗಳನ್ನು ಬರೆಯುವ ಚಾವಡಿಯಲ್ಲಿ ಉಣ್ಣಬೇಕಾದವರು ಕುಳಿತಿದ್ದಾರೆಯೇ ಎಂಬುದು. ನಮ್ಮ ಸಮಿತಿಯಲ್ಲಿ ಹಸಿವೆಯನ್ನು ಕಂಡವರು ಒಬ್ಬರೂ ಇರಲಿಲ್ಲ; ಹೆಂಗಸರಂತೂ ಇರಲೇ ಇಲ್ಲ. ಜಾಮೀನಿನ ಕಟ್ಟಳೆಯು ಬಾಗಿಲನ್ನು ಮುಚ್ಚುವುದೆಂದು ಹೇಳುವವರು ಅಲ್ಲಿ ಯಾರಿದ್ದರು?

ಇನ್ನು ಪರೀಕ್ಷೆಯ ಮಾತು. ಪರೀಕ್ಷೆಯೆಂದರೆ ಕೆಲಸ ಮುಗಿದ ಮೇಲೆ ಮಾಡುವ ಮೆರವಣಿಗೆಯಲ್ಲ. ಕೆಲಸಕ್ಕೆ ಕೈಹಾಕುವ ಮುನ್ನವೇ ಇದ್ದ ಸ್ಥಿತಿಯನ್ನು ಬರೆದಿಡದಿದ್ದರೆ, ಮುಂದೆ ಆದ ಬದಲಾವಣೆಯನ್ನು ಯಾವುದರೊಡನೆ ಹೋಲಿಸುವುದು? ರೋಗಿಗೆ ಔಷಧಿಯನ್ನು ಕೊಡುವ ಮೊದಲು ವೈದ್ಯನು ನಾಡಿಯನ್ನು ಹಿಡಿಯುವಂತೆ ಇದೂ ಅವಶ್ಯಕ. ಆದರೆ ಹಿಂದಿನದನ್ನೂ ಇಂದಿನದನ್ನೂ ಹೋಲಿಸಿದರೂ ಸಾಲದು. ಮಳೆ ಚೆನ್ನಾಗಿ ಬಂದ ವರ್ಷ ಎಲ್ಲ ಊರುಗಳೂ ಚೇತರಿಸಿಕೊಳ್ಳುವುವು. ಆ ಚೇತನವನ್ನು ನಮ್ಮ ಯೋಜನೆಯ ಫಲವೆಂದು ಎಣಿಸಿಕೊಂಡರೆ ಮೇಘರಾಜನ ಯಶಸ್ಸನ್ನು ನಾವು ಕದ್ದಂತೆ. ಆದುದರಿಂದ ಯೋಜನೆಯಿಲ್ಲದ ಪಕ್ಕದ ಊರನ್ನೂ ನೋಡಬೇಕು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಒಳ್ಳೆಯ ಉದಾಹರಣೆಯುಂಟು. ೨೦೨೧ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಯ ಹಣ್ಣನ್ನೂ ಕೊಡಲು ಸರ್ಕಾರವು ಆರಂಭಿಸಿತು. ಬೇಕೆಂದೂ ಬೇಡವೆಂದೂ ಬಹಳ ವಾದ ನಡೆಯಿತು. ಗದಗಿನಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ವಾದವನ್ನು ಬಿಟ್ಟು ತಕ್ಕಡಿಯನ್ನು ಹಿಡಿದರು. ಮೊಟ್ಟೆ ದೊರೆಯುತ್ತಿದ್ದ ಯಾದಗಿರಿ ಜಿಲ್ಲೆಯ ಮಕ್ಕಳ ತೂಕ ಎತ್ತರಗಳನ್ನು, ದೊರೆಯದಿದ್ದ ಗದಗ ಜಿಲ್ಲೆಯ ಮಕ್ಕಳ ತೂಕ ಎತ್ತರಗಳೊಡನೆ ಹೋಲಿಸಿ ನೋಡಿದಾಗ, ಯಾದಗಿರಿಯ ಮಕ್ಕಳು ಹೆಚ್ಚಾಗಿ ಪುಷ್ಟರಾದುದು ಕಂಡುಬಂದಿತು. ಮರುವರ್ಷ ಆ ವ್ಯವಸ್ಥೆಯು ರಾಜ್ಯಕ್ಕೆಲ್ಲ ಹರಡಿತು. ಮತಭೇದಗಳೇನೇ ಇರಲಿ, ಮಕ್ಕಳ ತೂಕವನ್ನು ನೋಡಿ ಮಾತನಾಡುವುದು ಒಳ್ಳೆಯ ಪದ್ಧತಿಯೆಂಬುದನ್ನು ಎಲ್ಲರೂ ಒಪ್ಪತಕ್ಕದ್ದು.

ಹಳ್ಳಿಯವರಿಗೆ ಇಷ್ಟು ದೊಡ್ಡ ಪರೀಕ್ಷೆ ಸಾಧ್ಯವಿಲ್ಲವೆಂದು ಯಾರೂ ಎದೆಗುಂದಬೇಕಾದುದಿಲ್ಲ. ಗೃಹಿಣಿಯರು ತಾವೇ ಮಾಡಬಹುದಾದ ಒಂದು ಸುಲಭೋಪಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ೨೦೧೬ರಲ್ಲಿ ಪ್ರಕಟಿಸಿದ್ದಾರೆ. ಆಹಾರವನ್ನೆಲ್ಲ ಹತ್ತು ವರ್ಗಗಳಾಗಿ ವಿಭಾಗಿಸುವುದು: (೧) ಅಕ್ಕಿ, ರಾಗಿ, ಜೋಳ, ಗೋಧಿ ಮುಂತಾದ ಧಾನ್ಯಗಳೂ ಆಲೂಗೆಡ್ಡೆಯಂಥ ಗೆಡ್ಡೆಗಳೂ, (೨) ಬೇಳೆಕಾಳುಗಳು, (೩) ಕಡಲೆಕಾಯಿ, ಎಳ್ಳು ಮೊದಲಾದ ಬೀಜಗಳು, (೪) ಹಾಲು ಮೊಸರು, (೫) ಮಾಂಸ ಮೀನು, (೬) ಮೊಟ್ಟೆ, (೭) ಕಡುಹಸುರಾದ ಸೊಪ್ಪುಗಳು, (೮) ಸಿಹಿಗುಂಬಳ, ಮಾವು, ಪರಂಗಿಯಂಥ ಹೊಂಬಣ್ಣದ ಕಾಯಿಹಣ್ಣುಗಳು, (೯) ಇತರ ತರಕಾರಿಗಳು, (೧೦) ಇತರ ಹಣ್ಣುಗಳು. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಮನೆಯ ಹೆಂಗಸು ಇವುಗಳಲ್ಲಿ ಎಷ್ಟು ವರ್ಗಗಳನ್ನು ಉಂಡಳೆಂದು ಕೇಳತಕ್ಕದ್ದು. ಸುಮಾರು ೧೫ ಗ್ರಾಮಿಗೆ ಕಡಮೆಯಾದುದನ್ನು ಎಣಿಸತಕ್ಕದ್ದಲ್ಲ. ಒಗ್ಗರಣೆಯ ನಾಲ್ಕು ಎಲೆ ಕರಿಬೇವು ಸೊಪ್ಪಿನ ಲೆಕ್ಕಕ್ಕೆ ಬಾರದು. ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ಐದು ವರ್ಗಗಳನ್ನಾದರೂ ಉಂಡವರು ಎಷ್ಟು ಮಂದಿಯೆಂಬುದರಿಂದ ಆ ಊರಿನ ಆಹಾರದ ಗುಣವನ್ನು ಅಳೆಯಬಹುದು. ಹೆಂಗಸನ್ನೇ ಏಕೆ ಕೇಳಬೇಕೆಂದರೆ, ಬಡತನವಿರುವಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವಳು ಅವಳಾದುದರಿಂದ, ಕೊರತೆಯು ಬೇಗನೆ ಕಾಣುವುದು ಅವಳ ತಟ್ಟೆಯಲ್ಲಿಯೇ ಎಂದು ನಮಗೆ ತೋರುವುದು.

ವಾಚಕರು ನಮ್ಮ ನಿಧಿಯು ಏನಾಯಿತೆಂದು ಕೇಳಬಹುದು. ಆ ಸೋಮವಾರದ ಮರುವಾರವೇ ಸಮಿತಿಯನ್ನು ಕೂಡಿಸಿ ಪುಸ್ತಕವನ್ನು ಓದಿ ಹೇಳಿದೆವು. ಎಲ್ಲರಿಗೂ ಹಿತವಾಗಲಿಲ್ಲ, ನಿಧಿಯನ್ನು ಮುಳುಗಿಸುವ ಯೋಚನೆಯಿದೆಂದು ಒಬ್ಬರು ಎದ್ದು ಹೋದರು. ಅಡುಗೆಯ ತಾಯಿಯನ್ನೂ, ಆಕೆಯ ಕೇರಿಯ ಇನ್ನಿಬ್ಬರು ಹೆಂಗಸರನ್ನೂ ಸಮಿತಿಗೆ ಸೇರಿಸಿಕೊಂಡೆವು. ಅರ್ಧ ರಾಗಿಯನ್ನು ಆಷಾಢದವರೆಗೆ ಮುಟ್ಟಕೂಡದೆಂದೂ, ಜಾಮೀನು ಬೇಡವೆಂದೂ, ನೆಲವಿಲ್ಲದವರು ಸುಗ್ಗಿಯಲ್ಲಿ ಕೂಲಿಯಾಗಿ ಬಂದ ರಾಗಿಯಿಂದ ಅಸಲನ್ನು ಮಾತ್ರ ಹಿಂದಕ್ಕೆ ಕೊಟ್ಟರೆ ಸಾಕೆಂದೂ ಕಟ್ಟಳೆಯನ್ನು ತಿದ್ದಿದೆವು. ಆಮೇಲೆ ಮೂಟೆಗಳು ಹೆಚ್ಚಲಿಲ್ಲ. ಕೆಲವು ವರ್ಷ ಕಡಮೆಯೂ ಆದುವು. ಹಾರ ಹಾಕುವವರು ಮತ್ತೆ ಬರಲಿಲ್ಲ. ಆದರೆ ಎರಡನೆಯ ಆಷಾಢದಲ್ಲಿ, “ಸೋಮವಾರ ಮಾಮೂಲಿ ಅಕ್ಕಿನೇ ಸಾಕು ಮೇಷ್ಟ್ರೇ” ಎಂದು ಆ ತಾಯಿ ಹೇಳಿದಳು. ನಮ್ಮ ನಿಧಿಗೆ ದೊರೆತ ಅತ್ಯುತ್ತಮವಾದ ಪ್ರಮಾಣಪತ್ರವು ಅದೇ ಎಂದು ನಾವು ಇಂದಿಗೂ ತಿಳಿದಿದ್ದೇವೆ.

೨೦೧೩ರಲ್ಲಿ ಅನ್ನಭಾಗ್ಯವು ಬಂದು ಬಡವರ ಮನೆಗೆ ಅಕ್ಕಿಯು ತಿಂಗಳು ತಿಂಗಳೂ ತಲಪತೊಡಗಿದ ಮೇಲೆ ಸಾಲ ಕೇಳುವವರು ಕಡಮೆಯಾದರು. ಕೆಲವು ವರ್ಷಗಳಲ್ಲಿ ನಿಧಿಯನ್ನು ಮುಚ್ಚಿದೆವು. ಅದಕ್ಕಾಗಿ ನಮಗೆ ದುಃಖವಿಲ್ಲ. ಅವಶ್ಯಕತೆಯು ತೀರಿದ ಮೇಲೂ ಸಂಸ್ಥೆಯನ್ನು ಉಳಿಸಿಕೊಂಡಿರುವುದು ವ್ಯಾಮೋಹ. ಆದರೆ ನಿವೃತ್ತರಾದ ಮೇಲೆ, ಮೇಲೆ ಹೇಳಿದ ಹತ್ತು ವರ್ಗಗಳ ಪ್ರಶ್ನೆಯನ್ನು ಊರಿನ ಸ್ತ್ರೀಸಂಘದವರೊಡನೆ ಮನೆಮನೆಯಲ್ಲಿ ಕೇಳಿ ನೋಡಿದಾಗ, ಬಹುಪಾಲು ತಟ್ಟೆಗಳಲ್ಲಿ ಮೂರು ವರ್ಗಗಳಿಗಿಂತ ಹೆಚ್ಚು ಕಾಣಲಿಲ್ಲ. ಅನ್ನವುಂಟು, ತೆಳ್ಳನೆಯ ಸಾರುಂಟು, ಸೊಪ್ಪಿಲ್ಲ, ಹಣ್ಣಿಲ್ಲ. ಹೊಟ್ಟೆ ತುಂಬಿತು, ತಟ್ಟೆ ತುಂಬಲಿಲ್ಲ. ಆದುದರಿಂದ ಈಗ ನಮ್ಮ ಊರಿನ ಯೋಜನೆ ಬೇರೆ. ಬಚ್ಚಲಿನ ನೀರು ಹರಿಯುವಲ್ಲಿ ಒಂದು ನುಗ್ಗೆ, ಒಂದು ಪರಂಗಿ, ಒಂದು ಮಡಿ ದಂಟಿನ ಸೊಪ್ಪು. ಇದೂ ಫಲಿಸಿತೋ ಇಲ್ಲವೋ ಎಂಬುದನ್ನು ನೆಟ್ಟ ಗಿಡಗಳ ಸಂಖ್ಯೆಯಿಂದ ನಾವು ಹೇಳುವುದಿಲ್ಲ. ಬರುವ ವರ್ಷ ಅದೇ ಮನೆಗಳಿಗೆ ಹೋಗಿ ಅದೇ ಪ್ರಶ್ನೆಯನ್ನು ಕೇಳಿ ಹೇಳುವೆವು.

ವಾಚಕರಲ್ಲಿ ಅನೇಕರು ತಮ್ಮ ತಮ್ಮ ಊರಿನ ಇಂಥ ಕಾರ್ಯಗಳಿಗೆ ಧಾನ್ಯವನ್ನೋ ಧನವನ್ನೋ ಕೊಡುತ್ತಿರುವರು. ಕೊಡುವುದನ್ನು ನಿಲ್ಲಿಸಬೇಡಿರಿ. ಆದರೆ ಕೊಟ್ಟ ಮೇಲೆ ಒಂದು ದಿನ, ಆಷಾಢದಲ್ಲಿಯೇ ಆಗಲಿ, ಊರಿನ ಕೊನೆಯ ಕೇರಿಯ ಕೊನೆಯ ಮನೆಗೆ ಹೋಗಿ, ನಿನ್ನೆ ಏನು ಬೇಯಿಸಿದಿರಿ ತಾಯಿ ಎಂದು ವಿನಯದಿಂದ ಕೇಳಿರಿ. ಕಣಜದ ಲೆಕ್ಕವನ್ನು ಗುಮಾಸ್ತರು ಬರೆಯಲಿ. ಒಲೆಯ ಲೆಕ್ಕವನ್ನು ನಾವು ನೀವು ಕಣ್ಣಾರೆ ನೋಡಿ ಬರೆಯೋಣ.